ಚಪ್ಪಟೆ ಹೊಟ್ಟೆ, ಗಟ್ಟಿ ಹೊಟ್ಟೆ: ಯಾವ ವ್ಯಾಯಾಮ, ಯಾವ ಊಟದ ಕ್ರಮ ಯಾರಿಗೆ?

"ಹೊಟ್ಟೆ ಕರಗಿಸೋದಕ್ಕೆ ಯಾವ ವ್ಯಾಯಾಮ ಒಳ್ಳೆಯದು?" ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಒಂದು ಕಾಲಕ್ಕೆ ನಾನೂ ಅದನ್ನೇ ಕೇಳುತ್ತಿದ್ದೆ. ಆಗ ಸಿಕ್ಕ ಉತ್ತರವನ್ನು ನಂಬಿ ನಾಲ್ಕು ತಿಂಗಳು ದಿನಕ್ಕೆ ನೂರು ಸಿಟ್-ಅಪ್ ಹೊಡೆದೆ. ಸೊಂಟದ ಅಳತೆ ಒಂದು ಬೆರಳಿನಷ್ಟೂ ಇಳಿಯಲಿಲ್ಲ. ಬೆಳಿಗ್ಗೆ ಏಳುವಾಗ ಕೆಳಬೆನ್ನು ಹಿಡಿದುಕೊಳ್ಳುವುದು ಮಾತ್ರ ಶುರುವಾಯಿತು. ಎಡವಿದ್ದು ಪ್ರಶ್ನೆಯಲ್ಲೇ ಎಂದು ಗೊತ್ತಾದದ್ದು ಬಹಳ ತಡವಾಗಿ. ಹೊಟ್ಟೆ ಚಪ್ಪಟೆಯಾಗುವುದು ಒಂದು ಕೆಲಸ, ಗಟ್ಟಿಯಾಗುವುದು ಇನ್ನೊಂದು. ಮೊದಲನೆಯದು ಹೆಚ್ಚುಪಾಲು ತಟ್ಟೆಯ ಮೇಲೆ ತೀರ್ಮಾನವಾಗುತ್ತದೆ, ಎರಡನೆಯದು ಚಾಪೆಯ ಮೇಲೆ. ಎರಡನ್ನೂ ಒಂದೇ ಎಂದುಕೊಂಡವರು ಒಂದಕ್ಕಾಗಿ ಇನ್ನೊಂದರಲ್ಲಿ ಬೆವರು ಸುರಿಸುತ್ತಾರೆ.

ಹಾಗಾಗಿ ಆಯ್ಕೆಗಳನ್ನು ತೂಗಿ ನೋಡುವ ಮೊದಲು ನಿಮ್ಮ ಹೊಟ್ಟೆ ಯಾವ ಬಗೆಯದು ಎಂದು ನೋಡಿಕೊಳ್ಳಿ.

ಮುಂದೆ ಬಂದ ಹೊಟ್ಟೆಯೆಲ್ಲ ಒಂದೇ ಅಲ್ಲ

ನಿಂತುಕೊಂಡು ಹೊಕ್ಕುಳಿನ ಪಕ್ಕದ ಚರ್ಮವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ನೋಡಿ. ಮೆತ್ತಗೆ, ದಪ್ಪಗೆ ಕೈಗೆ ಸಿಕ್ಕರೆ ಅದು ಚರ್ಮದ ಅಡಿಯ ಕೊಬ್ಬು. ಹೊಟ್ಟೆ ದುಂಡಗೆ ಮುಂದೆ ಬಂದಿದ್ದರೂ ಕೈಗೆ ಹೆಚ್ಚೇನೂ ಸಿಗದೆ ಬಿಗಿಯಾಗಿದ್ದರೆ ಕೊಬ್ಬು ಇನ್ನೂ ಒಳಗಿದೆ, ಸ್ನಾಯುಗಳ ಗೋಡೆಯಾಚೆ, ಕರುಳು ಮತ್ತು ಯಕೃತ್ತಿನ ಸುತ್ತ. ಟೈಪ್ 2 ಮಧುಮೇಹಕ್ಕೂ ಹೃದಯದ ಕಾಯಿಲೆಗೂ ಹೆಚ್ಚು ಹತ್ತಿರದ ನಂಟಿರುವುದು ಈ ಒಳಗಿನ ಕೊಬ್ಬಿಗೆ. ಒಂದು ಸಮಾಧಾನವಿದೆ. ಊಟದ ಕ್ರಮ ಬದಲಾದಾಗ, ನಡಿಗೆ ಹೆಚ್ಚಾದಾಗ ಚರ್ಮದಡಿಯ ಕೊಬ್ಬಿಗಿಂತ ಬೇಗ ಕರಗುವುದೂ ಸಾಮಾನ್ಯವಾಗಿ ಇದೇ.

ಮೂರನೆಯ ಬಗೆಯ ಹೊಟ್ಟೆ ಬೆಳಿಗ್ಗೆ ಚಪ್ಪಟೆಯಾಗಿದ್ದು ಸಂಜೆಗೆ ಉಬ್ಬಿಕೊಳ್ಳುತ್ತದೆ. ಕೊಬ್ಬು ಹತ್ತು ಗಂಟೆಯಲ್ಲಿ ಬಂದು ಹೋಗುವ ವಸ್ತುವಲ್ಲ. ಇದು ವಾಯು, ಮಲಬದ್ಧತೆ ಅಥವಾ ಹೊಟ್ಟೆಗೆ ಒಗ್ಗದ ಯಾವುದೋ ಆಹಾರದ ಕೆಲಸ. ಇಂಥವರು ಕೊಬ್ಬು ಕರಗಿಸುವ ಡಯಟ್ ಹಿಡಿದರೆ ಕೈಗೇನೂ ಹತ್ತುವುದಿಲ್ಲ. ನಿಧಾನವಾಗಿ ಅಗಿದು ತಿನ್ನುವುದು, ನಾರಿನಂಶವನ್ನು ಒಮ್ಮೆಗೇ ಏರಿಸದೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವುದು, ಊಟದ ಮೇಲೆ ಹತ್ತು ನಿಮಿಷ ನಡೆಯುವುದು, ಗ್ಯಾಸ್ ತುಂಬಿದ ಪಾನೀಯಗಳನ್ನು ಬಿಡುವುದು ಅವರಿಗೆ ಹೆಚ್ಚು ಉಪಯೋಗ.

ನಾಲ್ಕನೆಯದು ನಿಲುವಿನ ದೋಷ. ದಿನವಿಡೀ ಕುರ್ಚಿಯಲ್ಲಿ ಕೂತು ತೊಡೆಯ ಮುಂಭಾಗ ಬಿಗಿದು, ಪೃಷ್ಠದ ಸ್ನಾಯುಗಳು ಸಡಿಲವಾದರೆ ಸೊಂಟ ಮುಂದಕ್ಕೆ ಬಾಗಿ ಸಣಕಲು ದೇಹದವರಿಗೂ ಕೆಳಹೊಟ್ಟೆ ಎದ್ದು ಕಾಣುತ್ತದೆ. ಐದನೆಯದು ಬಾಣಂತಿಯರದು. ಅದರ ಬಗ್ಗೆ ಮುಂದೆ ಬೇರೆಯಾಗಿಯೇ ಹೇಳುತ್ತೇನೆ, ಏಕೆಂದರೆ ಅಲ್ಲಿ ತಪ್ಪು ವ್ಯಾಯಾಮದಿಂದ ಹಾನಿಯೇ ಆಗಬಹುದು.

ಹೊಟ್ಟೆಗೇ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆಯೇ?

ಇಲ್ಲ. ಬಾವಿಯ ಒಂದು ಮೂಲೆಯಲ್ಲಿ ನಿಂತು ನೀರು ಸೇದಿದರೆ ಆ ಮೂಲೆಯಲ್ಲಷ್ಟೇ ನೀರು ತಗ್ಗುವುದಿಲ್ಲ. ದೇಹಕ್ಕೆ ಶಕ್ತಿ ಬೇಕಾದಾಗ ಕೊಬ್ಬಿನ ಕೋಶಗಳು ತಮ್ಮ ಸಂಗ್ರಹವನ್ನು ರಕ್ತಕ್ಕೆ ಬಿಡುತ್ತವೆ. ದುಡಿಯುವ ಸ್ನಾಯು ಆ ರಕ್ತದಿಂದ ತನಗೆ ಬೇಕಾದ್ದನ್ನು ಎತ್ತಿಕೊಳ್ಳುತ್ತದೆ. ಅದು ಪಕ್ಕದಲ್ಲೇ ಇರುವ ಕೊಬ್ಬು ಆಗಬೇಕೆಂದೇನೂ ಇಲ್ಲ. ಮೊದಲು ಮುಖ ಇಳಿಯುವುದೋ ತೊಡೆಯೋ ಹೊಟ್ಟೆಯೋ ಎಂಬುದನ್ನು ಹೆಚ್ಚಾಗಿ ವಂಶವಾಹಿ, ಲಿಂಗ, ವಯಸ್ಸು ನಿರ್ಧರಿಸುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮಹಿಳೆಯರ ಕೊಬ್ಬು ತೊಡೆಯ ಬದಲು ಹೊಟ್ಟೆಯಲ್ಲಿ ಕೂರತೊಡಗುವುದೂ ಇದೇ ಕಾರಣಕ್ಕೆ.

1971ರಲ್ಲಿ ಟೆನಿಸ್ ಆಟಗಾರರ ಎರಡೂ ತೋಳುಗಳ ಕೊಬ್ಬಿನ ದಪ್ಪವನ್ನು ಅಳೆದು ನೋಡಿದರು. ವರ್ಷಗಟ್ಟಲೆ ರಾಕೆಟ್ ಬೀಸಿದ ತೋಳಿನಲ್ಲಿ ಸ್ನಾಯು ದಪ್ಪವಿತ್ತು, ಆದರೆ ಚರ್ಮದಡಿಯ ಕೊಬ್ಬು ಎರಡೂ ಕಡೆ ಒಂದೇ. 2011ರಲ್ಲಿ ಅಮೆರಿಕದಲ್ಲಿ 24 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ವಾರ, ವಾರಕ್ಕೆ ಐದು ದಿನ ಹೊಟ್ಟೆಯ ಏಳು ವ್ಯಾಯಾಮಗಳನ್ನು ಮಾಡಿಸಿದರು. ಹೊಟ್ಟೆಯ ಕೊಬ್ಬು ಕಡಿಮೆಯಾಗಲಿಲ್ಲ. ಹೆಚ್ಚಾದದ್ದು ಸ್ನಾಯುವಿನ ತಾಳಿಕೆ. ನನ್ನ ನಾಲ್ಕು ತಿಂಗಳ ಲೆಕ್ಕ ಇದರಲ್ಲಿ ಪೂರ್ತಿ ಇದೆ.

ಕರಗಿದ ಕೊಬ್ಬು ಎಲ್ಲಿ ಹೋಗುತ್ತದೆ ಎಂದು ಕೇಳಿದರೆ ಬಹಳ ಜನ ಬೆವರು ಎನ್ನುತ್ತಾರೆ. 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದಂತೆ, 10 ಕಿಲೊ ಕೊಬ್ಬು ಕರಗಿದರೆ 8.4 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನ ಮೂಲಕ ಹೊರಟುಹೋಗುತ್ತದೆ, ಉಳಿದ 1.6 ಕಿಲೊ ನೀರಾಗುತ್ತದೆ. ಹೊಟ್ಟೆಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬೆವರಿಳಿಸಿದರೆ ಹೋಗುವುದು ಬರೀ ನೀರು. ಒಂದೆರಡು ಲೋಟ ಕುಡಿದರೆ ಅಷ್ಟೂ ವಾಪಸ್ಸು.

ಸಿಟ್-ಅಪ್ ಅಥವಾ ಪ್ಲ್ಯಾಂಕ್

ಈಗ ಗಟ್ಟಿ ಮಾಡುವ ಕೆಲಸಕ್ಕೆ ಬರೋಣ. ಹೊಟ್ಟೆಯ ಗೋಡೆಯಲ್ಲಿ ಮುಖ್ಯವಾಗಿ ನಾಲ್ಕು ಸ್ನಾಯುಗಳಿವೆ. ಪಕ್ಕೆಲುಬಿನಿಂದ ಸೊಂಟದ ಮೂಳೆಗೆ ನೇರ ಇಳಿಯುವುದು ಒಂದು. 'ಸಿಕ್ಸ್ ಪ್ಯಾಕ್' ಎಂದು ಕಾಣುವುದು ಅದೇ. ಎರಡು ಓರೆ ಸ್ನಾಯುಗಳು ಪಕ್ಕೆಗಳ ಮೇಲೆ ಹಾದುಹೋಗುತ್ತವೆ. ಎಲ್ಲಕ್ಕಿಂತ ಒಳಗೆ, ನಡುಪಟ್ಟಿಯಂತೆ ಅಡ್ಡಲಾಗಿ ಸುತ್ತಿಕೊಂಡಿರುವುದು ನಾಲ್ಕನೆಯದು. ಕೆಮ್ಮುವಾಗ ಹೊಟ್ಟೆಯ ಮೇಲೆ ಕೈಯಿಟ್ಟರೆ ಈ ಗೋಡೆಯಿಡೀ ಬಿಗಿಯುವುದು ಗೊತ್ತಾಗುತ್ತದೆ.

ಈ ಸ್ನಾಯುಗಳ ದಿನನಿತ್ಯದ ಕೆಲಸ ಬಗ್ಗುವುದಕ್ಕಿಂತ ಹೆಚ್ಚಾಗಿ ಬಗ್ಗದಂತೆ ತಡೆಯುವುದು. ಮಗುವನ್ನು ಎತ್ತುವಾಗ, ಒಂದು ಕೈಯಲ್ಲಿ ಭಾರ ಹಿಡಿದು ಮೆಟ್ಟಿಲು ಹತ್ತುವಾಗ, ಕಾಲು ಜಾರಿದಾಗ ಬೆನ್ನುಮೂಳೆ ಅಲ್ಲಾಡದಂತೆ ಹಿಡಿದಿಡುವುದು ಇವೇ. ಮೊಣಕೈ ಮತ್ತು ಕಾಲ್ಬೆರಳು ಊರಿ ದೇಹವನ್ನು ಹಲಗೆಯಂತೆ ನೇರವಾಗಿ ಹಿಡಿದು ನಿಲ್ಲುವ ಪ್ಲ್ಯಾಂಕ್ ಇದನ್ನೇ ಕಲಿಸುತ್ತದೆ. ಸಿಟ್-ಅಪ್ ಬೇರೆಯದನ್ನು ಕಲಿಸುತ್ತದೆ. ಯಾರಾದರೂ ಪಾದ ಒತ್ತಿ ಹಿಡಿದಾಗ ಮೇಲಕ್ಕೆ ಏಳುವುದರಲ್ಲಿ ದೊಡ್ಡ ಪಾಲು ಹೊಟ್ಟೆಯದಲ್ಲ, ತೊಡೆಯನ್ನು ಮೇಲೆತ್ತುವ ಸ್ನಾಯುಗಳದು. ಅವುಗಳಲ್ಲೊಂದು ನೇರವಾಗಿ ಕೆಳಬೆನ್ನಿನ ಕಶೇರುಗಳಿಗೇ ಅಂಟಿಕೊಂಡಿದೆ. ಅದು ಎಳೆದಾಗೆಲ್ಲ ಬೆನ್ನಿನ ಡಿಸ್ಕುಗಳ ಮೇಲೆ ಒತ್ತಡ ಬೀಳುತ್ತದೆ. ನೂರು ಸಿಟ್-ಅಪ್ ನನ್ನ ಕೆಳಬೆನ್ನನ್ನು ಯಾಕೆ ಹಿಡಿಯಿತು ಎನ್ನುವುದು ಇದನ್ನು ಓದಿದ ದಿನ ಅರ್ಥವಾಯಿತು.

ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನಿನ ಯಂತ್ರಶಾಸ್ತ್ರವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಸಿಟ್-ಅಪ್ ಬದಲು ಮೂರು ವ್ಯಾಯಾಮಗಳನ್ನು ಹೇಳುತ್ತಾರೆ. ಮೊದಲನೆಯದಕ್ಕೆ ಅಂಗಾತ ಮಲಗಿ ಒಂದು ಮಂಡಿ ಮಡಚಿ, ಎರಡೂ ಅಂಗೈಗಳನ್ನು ಸೊಂಟದ ಟೊಳ್ಳಿಗೆ ಆಸರೆ ಕೊಟ್ಟು, ತಲೆ ಮತ್ತು ಭುಜವನ್ನು ನೆಲದಿಂದ ತುಸುವೇ ಎತ್ತಬೇಕು. ಎರಡನೆಯದು ಪಕ್ಕಕ್ಕೆ ಮೊಣಕೈ ಊರಿ ಸೊಂಟ ಎತ್ತಿ ಹಿಡಿಯುವ ಸೈಡ್ ಪ್ಲ್ಯಾಂಕ್. ಮೂರನೆಯದಕ್ಕೆ ಮಂಡಿ-ಅಂಗೈ ಊರಿ ನಿಂತು, ಬಲಗೈ ಮುಂದಕ್ಕೂ ಎಡಗಾಲು ಹಿಂದಕ್ಕೂ ಚಾಚಬೇಕು, ಆಮೇಲೆ ಕೈಕಾಲು ಬದಲಿಸಬೇಕು. ಪ್ರತಿ ಭಂಗಿಯನ್ನೂ ಹತ್ತು ಸೆಕೆಂಡ್ ಹಿಡಿದು ಬಿಡುವುದು, ಮತ್ತೆ ಹಿಡಿಯುವುದು. ನೋಡಲು ಏನೇನೂ ಅಲ್ಲ ಎನಿಸುತ್ತದೆ. ಸರಿಯಾಗಿ ಮಾಡಿದರೆ ಮಾರನೆಯ ದಿನ ಪಕ್ಕೆಗಳೇ ಹೇಳುತ್ತವೆ.

ಅಮೆರಿಕದ ಸೇನೆ ದಶಕಗಳ ಕಾಲ ಸೈನಿಕರ ದೇಹಕ್ಷಮತೆಯನ್ನು ಎರಡು ನಿಮಿಷದ ಸಿಟ್-ಅಪ್‌ನಿಂದ ಅಳೆಯುತ್ತಿತ್ತು. ಅದನ್ನು ಬಿಟ್ಟು 2022ರಲ್ಲಿ ಅಂತಿಮಗೊಳಿಸಿದ ಹೊಸ ಪರೀಕ್ಷೆಯಲ್ಲಿ ಹೊಟ್ಟೆಯ ಬಲಕ್ಕೆ ಉಳಿಸಿಕೊಂಡದ್ದು ಪ್ಲ್ಯಾಂಕ್ ಒಂದನ್ನೇ.

ಹಾಗೆಂದು ಕ್ರಂಚ್ ಮಾಡುವುದೇ ತಪ್ಪು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಬೆನ್ನು ಆರೋಗ್ಯವಾಗಿರುವವರು, ಹೊಟ್ಟೆಯ ನೇರ ಸ್ನಾಯು ದಪ್ಪವಾಗಿ ಎದ್ದು ಕಾಣಬೇಕು ಎನ್ನುವವರು ನಿಧಾನವಾಗಿ, ಭುಜ ಮಾತ್ರ ಎತ್ತುವ ಕ್ರಂಚನ್ನು ವಾರಕ್ಕೆ ಎರಡು ಮೂರು ದಿನ ಮಾಡಬಹುದು. ಸ್ನಾಯು ಕುಗ್ಗಿ ಹಿಗ್ಗಿದರೇ ಚೆನ್ನಾಗಿ ಬೆಳೆಯುವುದು. ಬೆನ್ನುನೋವಿನ ಇತಿಹಾಸವಿರುವವರಿಗೆ, ಮೂಳೆ ಸವೆತ ಇರುವವರಿಗೆ, ದಿನವೆಲ್ಲ ಬಗ್ಗಿ ಕೂತು ಕೆಲಸ ಮಾಡುವವರಿಗೆ ಮಾತ್ರ ನಾನು ಪ್ಲ್ಯಾಂಕಿನ ಕಡೆಯೇ.

ಪ್ಲ್ಯಾಂಕ್ ಮಾಡುವವರು ಎಡವುವುದು ಸಮಯದ ಹುಚ್ಚಿನಲ್ಲಿ. ಐದು ನಿಮಿಷ ಹಿಡಿದೆ ಎನ್ನುವವರ ಸೊಂಟ ಮೂರನೆಯ ನಿಮಿಷಕ್ಕೇ ತೂಗುಸೇತುವೆಯಂತೆ ಜೋತು ಬಿದ್ದಿರುತ್ತದೆ. ಆಗ ಭಾರ ಹೊರುತ್ತಿರುವುದು ಹೊಟ್ಟೆಯಲ್ಲ, ಬೆನ್ನಿನ ಕೀಲುಗಳು. ಪೃಷ್ಠವನ್ನು ಬಿಗಿಹಿಡಿದು, ಮೊಣಕೈಯನ್ನು ಪಾದದ ಕಡೆಗೆ ಎಳೆಯುವಂತೆ ನೆಲಕ್ಕೆ ಒತ್ತಿ, ಉಸಿರು ಬಿಗಿಹಿಡಿಯದೆ ಹದಿನೈದು ಸೆಕೆಂಡ್ ನಿಂತು ನೋಡಿ. ಸಡಿಲವಾದ ಎರಡು ನಿಮಿಷಕ್ಕಿಂತ ಅದು ಕಷ್ಟ. ಒಂದು ನಿಮಿಷ ಸಲೀಸಾದ ಮೇಲೆ ಸಮಯ ಹೆಚ್ಚಿಸಬೇಡಿ, ಕಷ್ಟ ಹೆಚ್ಚಿಸಿ: ಒಂದು ಕಾಲೆತ್ತಿ, ಒಂದು ಕೈ ಬಿಡಿ, ಮೊಣಕೈಯನ್ನು ಇನ್ನಷ್ಟು ಮುಂದಿಡಿ.

ಪ್ಲ್ಯಾಂಕೇ ಆಗದಷ್ಟು ತೂಕವಿರುವವರಿಗೆ ನಾನು ಮೊದಲು ಹೇಳಿಕೊಡುವುದು 'ಡೆಡ್ ಬಗ್'. ಅಂಗಾತ ಮಲಗಿ ಕೈಗಳನ್ನು ಮೇಲಕ್ಕೆತ್ತಿ, ಮಂಡಿಗಳನ್ನು ಸೊಂಟದ ಮೇಲೆ ಮಡಚಿ ಹಿಡಿಯಬೇಕು. ಕೆಳಬೆನ್ನನ್ನು ನೆಲಕ್ಕೆ ಒತ್ತಿಕೊಂಡೇ ಉಸಿರು ಬಿಡುತ್ತ ಬಲಗೈ, ಎಡಗಾಲನ್ನು ನಿಧಾನ ಇಳಿಸಿ ಮತ್ತೆ ತರಬೇಕು. ಬೆನ್ನು ನೆಲ ಬಿಟ್ಟಿತೆಂದರೆ ಕಾಲು ಅಗತ್ಯಕ್ಕಿಂತ ಕೆಳಗಿಳಿಯಿತು ಎಂದೇ ಲೆಕ್ಕ. ಮಣಿಕಟ್ಟಿಗೆ ನೋವಿಲ್ಲ, ಭುಜಕ್ಕೆ ಭಾರವಿಲ್ಲ, ಹಾಸಿಗೆ ಗಟ್ಟಿಯಿದ್ದರೆ ಎದ್ದ ಕೂಡಲೇ ಅಲ್ಲೇ ಮಾಡಬಹುದು.

ನೆಲದ ವ್ಯಾಯಾಮ ಅಥವಾ ಭಾರ ಎತ್ತುವುದು

ವಾರಕ್ಕೆ ಎರಡೇ ದಿನ ಬಿಡುವಿರುವವರು ನನ್ನನ್ನು ಕೇಳಿದರೆ ಭಾರ ಎತ್ತಿ ಎನ್ನುತ್ತೇನೆ. ಹೆಗಲ ಮೇಲೆ ತೂಕವಿಟ್ಟು ಬಸ್ಕಿ ಹೊಡೆಯುವಾಗ, ನೆಲದಿಂದ ಬಾರ್ ಎತ್ತುವಾಗ ಹೊಟ್ಟೆ-ಬೆನ್ನಿನ ಸ್ನಾಯುಗಳು ಎಲ್ಲವೂ ಒಟ್ಟಿಗೆ ಬಿಗಿಯಲೇಬೇಕು, ಬೇರೆ ದಾರಿಯಿಲ್ಲ. ಜೊತೆಗೆ ತೊಡೆ, ಪೃಷ್ಠ, ಬೆನ್ನಿನ ದೊಡ್ಡ ಸ್ನಾಯುಗಳು ಬೆಳೆಯುತ್ತವೆ. ತೂಕ ಇಳಿಸುವಾಗ ಕರಗುವುದು ಕೊಬ್ಬೇ ಆಗಿರಲಿ, ಸ್ನಾಯು ಆಗದಿರಲಿ ಎಂದು ದೇಹಕ್ಕೆ ಹೇಳುವ ಭಾಷೆ ಇದು. ಒಂದೇ ಕೈಯಲ್ಲಿ ಭಾರದ ಡಂಬೆಲ್ ಹಿಡಿದು ದೇಹ ಓರೆಯಾಗದಂತೆ ಮೂವತ್ತು ಹೆಜ್ಜೆ ನಡೆಯುವುದು ಪಕ್ಕೆಗಳಿಗೆ ನಾನು ಬಲ್ಲ ಅತ್ಯುತ್ತಮ ವ್ಯಾಯಾಮ.

ಭಾರ ಎತ್ತುವುದಕ್ಕೆ ಕಲಿಸುವವರು ಬೇಕು. ಆರಂಭದಲ್ಲಿ ತಪ್ಪು ಭಂಗಿ ದುಬಾರಿಯಾಗುತ್ತದೆ. ನೆಲದ ವ್ಯಾಯಾಮಕ್ಕೆ ಒಂದು ಚಾಪೆ ಸಾಕು, ಮನೆ ಬಿಟ್ಟು ಹೋಗಬೇಕಿಲ್ಲ. ನಾಚಿಕೆಯಿಂದಲೋ ಸಮಯದ ಕೊರತೆಯಿಂದಲೋ ಜಿಮ್ಮಿಗೆ ಹೋಗಲಾರದವರು ನೆಲದ ವ್ಯಾಯಾಮವನ್ನೇ ಗಟ್ಟಿಯಾಗಿ ಹಿಡಿಯಲಿ. ನಿಲ್ಲಿಸದೆ ಮಾಡಿದ ಎರಡನೆಯ ಆಯ್ಕೆ, ಮೂರು ವಾರಕ್ಕೆ ಕೈಬಿಟ್ಟ ಮೊದಲನೆಯದಕ್ಕಿಂತ ಹೆಚ್ಚು ಕೊಡುತ್ತದೆ.

ಪಿಲಾಟಿಸ್ ಮತ್ತು ಯೋಗದ ನಡುವೆ ಆರಿಸಬೇಕಾದರೆ, ಹೊಟ್ಟೆಯ ಮಟ್ಟಿಗೆ ಪಿಲಾಟಿಸ್ ಹೆಚ್ಚು ನೇರ. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟಿಸ್ ಅದನ್ನು ಕಟ್ಟಿದ್ದೇ ನಡುವಿನ ಹಿಡಿತದ ಸುತ್ತ. ಯೋಗದಲ್ಲಿ ನಾವಾಸನ, ಫಲಕಾಸನ, ವಸಿಷ್ಠಾಸನ ಅದೇ ಕೆಲಸ ಮಾಡುತ್ತವೆ, ಆದರೆ ಒಂದು ತರಗತಿಯಲ್ಲಿ ಅವುಗಳ ಪಾಲು ಎಷ್ಟು ಎನ್ನುವುದು ಕಲಿಸುವವರ ಮೇಲೆ ನಿಂತಿದೆ. ಒತ್ತಡ, ನಿದ್ದೆಯ ತೊಂದರೆ, ಬಿಗಿದ ಸೊಂಟ ಇರುವವರಿಗೆ ಯೋಗವೇ ಮೇಲು.

ನಡಿಗೆ, ಓಟ, ಹಿಟ್

ಮೂವತ್ತು ನಿಮಿಷ ಚುರುಕಾಗಿ ನಡೆದರೆ 70 ಕಿಲೊ ತೂಕದವರಿಗೆ ಸುಮಾರು 100ರಿಂದ 150 ಕ್ಯಾಲೊರಿ ಖರ್ಚಾಗುತ್ತದೆ. ಒಂದು ಹಿಡಿ ಹುರಿದ ಕಡಲೆಕಾಯಿ ತಿಂದರೆ ಅಷ್ಟೂ ತುಂಬಿಬರುತ್ತದೆ. ಓಡಿದರೆ ಅದೇ ಹೊತ್ತಿಗೆ ಎರಡು ಪಟ್ಟಿಗಿಂತ ಹೆಚ್ಚು ಖರ್ಚು, ಆದರೆ ತೂಕ ಹೆಚ್ಚಿದ್ದರೆ ಮಂಡಿ ಬೇಗ ದೂರುತ್ತದೆ. ಹಿಟ್ ಎಂದರೆ ಸ್ವಲ್ಪ ಹೊತ್ತು ಪೂರ್ತಿ ಶಕ್ತಿ ಹಾಕಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಪೂರ್ತಿ ಶಕ್ತಿ ಹಾಕುವುದು. ಇದರಿಂದ ಸಮಯ ಉಳಿಯುತ್ತದೆ. ಹೃದಯ-ಶ್ವಾಸಕೋಶದ ಬಲಕ್ಕೆ ಬಹಳ ಒಳ್ಳೆಯದು. ಆದರೆ ಕೊಬ್ಬು ಕರಗಿಸುವುದರಲ್ಲಿ ಸಾಧಾರಣ ವೇಗದ ದೀರ್ಘ ವ್ಯಾಯಾಮಕ್ಕಿಂತ ಹೆಚ್ಚೇನೂ ಮುಂದಿಲ್ಲ ಎಂದೇ ಅನೇಕ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಕಾಣುತ್ತದೆ. 'ಟಬಾಟ' ಎಂಬ ಹೆಸರಿನಲ್ಲಿ ಈಗ ಸಿಗುವ ನಾಲ್ಕು ನಿಮಿಷದ ಜಿಗಿದಾಟಗಳಿಗೂ, 1996ರಲ್ಲಿ ಜಪಾನಿನ ಇಜುಮಿ ಟಬಾಟ ಪ್ರಕಟಿಸಿದ ಮೂಲ ಪ್ರಯೋಗಕ್ಕೂ ಬಹಳ ದೂರ. ಅಲ್ಲಿ ಯುವಕರು ಸೈಕಲ್ ಯಂತ್ರದ ಮೇಲೆ 20 ಸೆಕೆಂಡ್ ತುಳಿದು 10 ಸೆಕೆಂಡ್ ನಿಂತು, ಇನ್ನು ಸಾಧ್ಯವೇ ಇಲ್ಲ ಎನ್ನುವವರೆಗೆ ತುಳಿದಿದ್ದರು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಕಠಿಣ ಶ್ರಮ, ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ. ನಡಿಗೆಯ ಬಗ್ಗೆ ನನಗೆ ವಿಶೇಷ ಪ್ರೀತಿ. ಹಸಿವನ್ನು ಕೆರಳಿಸುವುದಿಲ್ಲ, ಮಾರನೆಯ ದಿನಕ್ಕೆ ಆಯಾಸ ಉಳಿಸುವುದಿಲ್ಲ. ಮತ್ತೊಂದು ಕಾರಣವೂ ಇದೆ. ಇಂಥ ವ್ಯಾಯಾಮದಿಂದ ತೂಕದ ಯಂತ್ರದ ಮುಳ್ಳು ಅಲುಗದಿದ್ದಾಗಲೂ ಹೊಟ್ಟೆಯೊಳಗಿನ ಕೊಬ್ಬು ಕಡಿಮೆಯಾಗಬಲ್ಲದು.

ವಿದ್ಯುತ್ ಕಂಪನದ ಬೆಲ್ಟು, ಸೊಂಟ ಬಿಗಿಯುವ ಪಟ್ಟಿ, ಬೆವರಿಳಿಸುವ ಜಾಕೆಟ್ಟು, ಇವುಗಳಿಗೆ ಹೆಚ್ಚು ಸಾಲು ಬೇಡ. 2002ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮೂರು ವಿದ್ಯುತ್ ಬೆಲ್ಟುಗಳ ಮಾರಾಟಗಾರರ ಮೇಲೆ ಸುಳ್ಳು ಪ್ರಚಾರದ ಮೊಕದ್ದಮೆ ಹೂಡಿತ್ತು. ಆ ಹಣದಲ್ಲಿ ಒಳ್ಳೆಯ ಶೂ ಕೊಳ್ಳಿ.

ಊಟ: ಯಾವ ಕ್ರಮ ಹಿಡಿಯಲಿ?

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಚಪ್ಪಟೆಯಾಗುವ ಕೆಲಸ ನಡೆಯುವುದೇ ಇಲ್ಲಿ. ದೇಹದ ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ಆರಂಭದಲ್ಲಿ ವಾರಕ್ಕೆ ಅರ್ಧ ಕಿಲೊದಷ್ಟು ಇಳಿಯಬಹುದು. ಆಮೇಲೆ ದೇಹ ಸಣ್ಣದಾದಂತೆ ಖರ್ಚೂ ತಗ್ಗಿ ವೇಗ ಕಡಿಮೆಯಾಗುತ್ತದೆ. ಇದಕ್ಕಿಂತ ವೇಗದ ಭರವಸೆ ಕೊಡುವವರು ನೀರನ್ನೋ ಸ್ನಾಯುವನ್ನೋ ಕೊಬ್ಬಿನ ಲೆಕ್ಕಕ್ಕೆ ಸೇರಿಸಿರುತ್ತಾರೆ.

ಕಾರ್ಬೋಹೈಡ್ರೇಟ್ ಕಡಿಮೆ ಮಾಡುವುದು ಒಳ್ಳೆಯದೋ, ಕೊಬ್ಬಿನ ಅಂಶವನ್ನೋ? ಈ ಜಗಳ ಹಳೆಯದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ಎರಡನ್ನೂ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಬ್ಬು ಕಡಿಮೆ ತಿಂದವರು ಸರಾಸರಿ 5.3 ಕಿಲೊ, ಕಾರ್ಬೋಹೈಡ್ರೇಟ್ ಕಡಿಮೆ ತಿಂದವರು 6 ಕಿಲೊ ಇಳಿದರು. ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ನನ್ನ ಗಮನ ಸೆಳೆದದ್ದು ಬೇರೆ ಸಂಗತಿ. ಎರಡೂ ಗುಂಪಿನಲ್ಲಿ 25 ಕಿಲೊಗಿಂತ ಹೆಚ್ಚು ಇಳಿದವರೂ ಇದ್ದರು, ಇದ್ದದ್ದಕ್ಕಿಂತ ದಪ್ಪಗಾದವರೂ ಇದ್ದರು. ಹಾಗಾದರೆ 'ಯಾವುದು ಶ್ರೇಷ್ಠ' ಎಂಬ ಪ್ರಶ್ನೆಗಿಂತ 'ಯಾವುದರಲ್ಲಿ ನನಗೆ ಹಸಿವು ಕಡಿಮೆ' ಎಂಬ ಪ್ರಶ್ನೆ ನಿಮ್ಮನ್ನು ಹೆಚ್ಚು ದೂರ ಕರೆದೊಯ್ಯುತ್ತದೆ.

ಕಾರ್ಬೋಹೈಡ್ರೇಟ್ ಬಿಟ್ಟ ಮೊದಲ ವಾರ ಹೊಟ್ಟೆ ಥಟ್ಟನೆ ಇಳಿದಂತೆ ಕಾಣುವುದಕ್ಕೆ ಕಾರಣವಿದೆ. ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಟ್ಟಿರುತ್ತದೆ. ಆ ದಾಸ್ತಾನು ಖಾಲಿಯಾದಾಗ ನೀರೂ ಹೊರಡುತ್ತದೆ. ಮತ್ತೆ ಮೊದಲಿನಂತೆ ತಿಂದ ದಿನ ನೀರು ವಾಪಸ್ಸು ಬಂದಾಗ ಎದೆಗುಂದಬೇಡಿ, ಅದು ಕೊಬ್ಬಲ್ಲ.

ಹೊತ್ತು ನೋಡಿ ಉಣ್ಣುವ ಕ್ರಮ, ಅಂದರೆ ದಿನದ ಎಂಟು ಗಂಟೆಯೊಳಗೆ ಊಟ ಮುಗಿಸಿ ಹದಿನಾರು ಗಂಟೆ ಏನೂ ತಿನ್ನದಿರುವುದು, ಈಗ ಬಹಳ ಜನಪ್ರಿಯ. 2022ರಲ್ಲಿ ಪ್ರಕಟವಾದ ಚೀನಾದ ಅಧ್ಯಯನವೊಂದರಲ್ಲಿ 139 ಜನ ಒಂದು ವರ್ಷ ಒಂದೇ ಮಿತಿಯ ಕ್ಯಾಲೊರಿಯಲ್ಲಿ ಉಂಡರು. ಅರ್ಧದಷ್ಟು ಜನಕ್ಕೆ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರ ಗಡುವು, ಉಳಿದವರಿಗೆ ಹೊತ್ತಿನ ಕಟ್ಟಿಲ್ಲ. ಗಡುವಿದ್ದವರು 8 ಕಿಲೊ, ಇಲ್ಲದವರು 6.3 ಕಿಲೊ ಇಳಿದರು. ಸಂಖ್ಯಾಶಾಸ್ತ್ರದ ಕಣ್ಣಿನಲ್ಲಿ ಇದು ವ್ಯತ್ಯಾಸವೇ ಅಲ್ಲ. ಗಡಿಯಾರದಲ್ಲಿ ಮಂತ್ರವಿಲ್ಲ. ಆದರೆ ರಾತ್ರಿ ಊಟದ ಮೇಲೂ ಡಬ್ಬಿಗಳಿಗೆ ಕೈಹಾಕುವ ಅಭ್ಯಾಸವಿರುವವರಿಗೆ 'ಏಳು ಗಂಟೆಯ ಮೇಲೆ ಏನೂ ಇಲ್ಲ' ಎನ್ನುವ ಒಂದೇ ಕಟ್ಟಳೆ, ಪ್ರತಿ ತುತ್ತನ್ನೂ ತೂಗುವುದಕ್ಕಿಂತ ಎಷ್ಟೋ ಹಗುರ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಊಟದ ವಿಷಯದಲ್ಲಿ ಹಿಂದೆ ಮಾನಸಿಕವಾಗಿ ನರಳಿದವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಕ್ಯಾಲೊರಿ ಎಣಿಸುವುದು ಲೆಕ್ಕಾಚಾರ ಇಷ್ಟಪಡುವವರಿಗೆ ಒಗ್ಗುತ್ತದೆ. ಎರಡು ಮೂರು ವಾರ ಮಾಡಿದರೆ ಎಣ್ಣೆ, ಸಕ್ಕರೆ, ಬೀಜಗಳ ತೂಕ ಕಣ್ಣಿಗೆ ರೂಢಿಯಾಗುತ್ತದೆ. ಅಷ್ಟು ಸಾಕು, ಜೀವನಪೂರ್ತಿ ಬೇಡ. ಅದೂ ಬೇಡವೆಂದರೆ ತಟ್ಟೆಯನ್ನು ಭಾಗ ಮಾಡಿ: ಅರ್ಧ ತರಕಾರಿ, ಕಾಲು ಭಾಗ ಪ್ರೋಟೀನ್, ಕಾಲು ಭಾಗ ಧಾನ್ಯ. ನಾನು ಕೊನೆಗೆ ಉಳಿದದ್ದು ಇದರಲ್ಲೇ.

ಯಾವ ಕ್ರಮ ಹಿಡಿದರೂ ಮೂರು ಸಂಗತಿಗಳು ಬಿಡಬಾರದವು. ಮೊದಲನೆಯದು ಕಾರ್ಖಾನೆಯಲ್ಲಿ ತಯಾರಾಗಿ ಪೊಟ್ಟಣದಲ್ಲಿ ಬರುವ ತಿಂಡಿಗಳನ್ನು ಕಡಿಮೆ ಮಾಡುವುದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಜನರಿಗೆ ಎರಡು ವಾರ ಅಂಥ ಆಹಾರ, ಎರಡು ವಾರ ಸರಳವಾಗಿ ಬೇಯಿಸಿದ ಆಹಾರ ಕೊಟ್ಟರು. ಸಕ್ಕರೆ, ಕೊಬ್ಬು, ನಾರು ಎಲ್ಲವೂ ಬಡಿಸಿದ ಲೆಕ್ಕದಲ್ಲಿ ಸಮ, ಎಷ್ಟು ಬೇಕಾದರೂ ತಿನ್ನಬಹುದಿತ್ತು. ಪೊಟ್ಟಣದ ಆಹಾರವಿದ್ದಾಗ ಅವರೇ ಅರಿಯದೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡು ವಾರದಲ್ಲಿ 0.9 ಕಿಲೊ ಏರಿದರು. ಕೊರತೆ ಮಾಡಬೇಕಾದ ಐನೂರು ಅಲ್ಲೇ ಕೂತಿದೆ!

ಎರಡನೆಯದು ಪ್ರೋಟೀನ್. 2016ರ ಕೆನಡಾದ ಅಧ್ಯಯನದಲ್ಲಿ 40 ಯುವಕರು ನಾಲ್ಕು ವಾರ ಬಹಳ ಕಡಿಮೆ ಉಂಡು ಕಠಿಣ ವ್ಯಾಯಾಮ ಮಾಡಿದರು. ಕಿಲೊ ತೂಕಕ್ಕೆ 2.4 ಗ್ರಾಂ ಪ್ರೋಟೀನ್ ತಿಂದವರು 4.8 ಕಿಲೊ ಕೊಬ್ಬು ಕಳೆದುಕೊಂಡರು, 1.2 ಗ್ರಾಂ ತಿಂದವರು 3.5 ಕಿಲೊ. ಅಷ್ಟೇ ಅಲ್ಲ, ಮೊದಲ ಗುಂಪಿನವರ ಸ್ನಾಯುವಿನ ಲೆಕ್ಕ ಅರೆಹೊಟ್ಟೆಯಲ್ಲೂ 1.2 ಕಿಲೊ ಏರಿತ್ತು. ಸಾಮಾನ್ಯರಿಗೆ ಅಷ್ಟು ಬೇಕಿಲ್ಲ, 1.2ರಿಂದ 1.6 ಗ್ರಾಂ ಸಾಕು. ಪ್ರತಿ ಊಟದಲ್ಲೂ ಮೊಟ್ಟೆ, ಬೇಳೆಕಾಳು, ಮೊಸರು, ಮೀನು, ಸೋಯಾ ಇವುಗಳಲ್ಲಿ ಒಂದಾದರೂ ಇರಲಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರು ಹೇಳಿದ ಮಿತಿ ಮೀರಬಾರದು.

ಮೂರನೆಯದು ನಿದ್ದೆ. 2010ರ ಒಂದು ಸಣ್ಣ ಅಧ್ಯಯನದಲ್ಲಿ ಹತ್ತು ಜನ ಅದೇ ಕ್ಯಾಲೊರಿಯ ಊಟದ ಮೇಲೆ 14 ದಿನ ಎಂಟೂವರೆ ಗಂಟೆ, ಇನ್ನೊಮ್ಮೆ 14 ದಿನ ಐದೂವರೆ ಗಂಟೆ ಹಾಸಿಗೆಯಲ್ಲಿ ಕಳೆದರು. ಎರಡೂ ಸಲ ಇಳಿದ ತೂಕ ಹೆಚ್ಚುಕಡಿಮೆ ಒಂದೇ. ಆದರೆ ಚೆನ್ನಾಗಿ ಮಲಗಿದಾಗ 1.4 ಕಿಲೊ ಕೊಬ್ಬು ಹೋಗಿತ್ತು, ನಿದ್ದೆಗೆಟ್ಟಾಗ 0.6 ಕಿಲೊ ಮಾತ್ರ. ಉಳಿದದ್ದು ಹೆಚ್ಚಾಗಿ ಸ್ನಾಯುವಿನ ಪಾಲಿನಿಂದ. ನಿದ್ದೆಗೆಟ್ಟು ಡಯಟ್ ಮಾಡುವುದೆಂದರೆ ಎತ್ತು ಏರಿಗೆ, ಕೋಣ ನೀರಿಗೆ. ನಸುಕಿನಲ್ಲೆದ್ದು ವ್ಯಾಯಾಮ ಮಾಡಲೆಂದು ನಿದ್ದೆ ಕತ್ತರಿಸುವವರು ಇದನ್ನು ಗಮನಿಸಬೇಕು.

ಮದ್ಯದ ಬಗ್ಗೆ ಒಂದು ಮಾತು: ಗ್ರಾಮಿಗೆ 7 ಕ್ಯಾಲೊರಿ, ಕೊಬ್ಬಿನ 9ಕ್ಕೆ ಹತ್ತಿರ. ಹೊಟ್ಟೆ ತುಂಬಿಸುವುದೂ ಇಲ್ಲ.

ಯಾರಿಗೆ ಯಾವುದು

ಕೂತು ಕೆಲಸ ಮಾಡುವ, ಬಿಗಿಯಾದ ದುಂಡು ಹೊಟ್ಟೆಯ ನಡುವಯಸ್ಸಿನವರಿಗೆ ಮೊದಲ ಆದ್ಯತೆ ನಡಿಗೆ ಮತ್ತು ತಟ್ಟೆ. ಪ್ಲ್ಯಾಂಕ್ ಆಮೇಲೆ. ತೂಕ ಸರಿಯಿದ್ದೂ ಹೊಟ್ಟೆ ಮಾತ್ರ ಸಡಿಲವಿರುವವರಿಗೆ ಊಟ ಕಡಿಮೆ ಮಾಡುವುದು ತಪ್ಪು ದಾರಿ. ಅವರಿಗೆ ಬೇಕಾದದ್ದು ಪ್ರೋಟೀನ್ ಮತ್ತು ಭಾರ ಎತ್ತುವುದು. ಬೆನ್ನುನೋವಿನಿಂದಾಗಿ ಹೊಟ್ಟೆ ಗಟ್ಟಿ ಮಾಡಿಕೊಳ್ಳಲು ಹೊರಟವರು ಮೆಕ್‌ಗಿಲ್ ಹೇಳಿದ ಮೂರನ್ನು ದಿನವೂ ಹತ್ತು ನಿಮಿಷ ಮಾಡಲಿ.

ಬಾಣಂತಿಯರ ವಿಷಯ ಬೇರೆ. ಬಸುರಿನಲ್ಲಿ ಹೊಟ್ಟೆಯ ನೇರ ಸ್ನಾಯುಗಳ ನಡುವಿನ ಪಟ್ಟಿ ಹಿಗ್ಗಿ, ಎರಡೂ ಪಾರ್ಶ್ವ ದೂರ ಸರಿದಿರುತ್ತವೆ. ಹಲವರಲ್ಲಿ ತಿಂಗಳುಗಳ ಮೇಲೂ ಆ ಅಂತರ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಅಂಗಾತ ಮಲಗಿ ತಲೆ ಎತ್ತಿದಾಗ ಹೊಟ್ಟೆಯ ನಡುವೆ ಏಣಿನಂತೆ ಉಬ್ಬಿ ಬಂದರೆ, ಹೊಕ್ಕುಳಿನ ಮೇಲೆ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಸಂದು ಸಿಕ್ಕರೆ, ಸಿಟ್-ಅಪ್ಪನ್ನೂ ಪೂರ್ಣ ಪ್ಲ್ಯಾಂಕನ್ನೂ ಸದ್ಯಕ್ಕೆ ಬದಿಗಿಡಿ. ಉಸಿರು ಬಿಡುತ್ತ ಕೆಳಹೊಟ್ಟೆಯನ್ನು ಮೆಲ್ಲಗೆ ಒಳಗೆಳೆದು ಹಿಡಿಯುವುದರಿಂದ, ಮೂತ್ರ ತಡೆಹಿಡಿಯುವಾಗಿನಂತೆ ಶ್ರೋಣಿಯ ಸ್ನಾಯುಗಳನ್ನು ಬಿಗಿಯುವುದರಿಂದ ಶುರುಮಾಡಿ. ಫಿಸಿಯೋಥೆರಪಿಸ್ಟ್ ಒಬ್ಬರು ಒಮ್ಮೆ ಕೈಯಿಟ್ಟು ನೋಡಿದರೆ ಒಳ್ಳೆಯದು. "ಹೊಟ್ಟೆ ಯಾವಾಗ ಹೋಗುತ್ತೆ?" ಎಂದು ಸುತ್ತಲಿನವರು ಆರನೇ ವಾರಕ್ಕೇ ಕೇಳುವ ಪ್ರಶ್ನೆಗೆ ಯಾವ ತಾಯಿಯೂ ಉತ್ತರ ಕೊಡಬೇಕಾಗಿಲ್ಲ.

ವ್ಯಾಯಾಮ, ಡಯಟ್ ಎರಡನ್ನೂ ಬದಿಗಿಟ್ಟು ವೈದ್ಯರ ಬಳಿ ಹೋಗಬೇಕಾದ ಸಂದರ್ಭಗಳಿವೆ. ಕೆಮ್ಮಿದಾಗ, ಭಾರ ಎತ್ತಿದಾಗ ಹೊಕ್ಕುಳು ಅಥವಾ ತೊಡೆಸಂದಿನಲ್ಲಿ ಗಂಟು ಎದ್ದರೆ ಅದು ಹರ್ನಿಯಾ ಇರಬಹುದು. ಕೈಕಾಲು ಸೊರಗುತ್ತ ಹೊಟ್ಟೆ ಮಾತ್ರ ಬೆಳೆಯುತ್ತಿದ್ದರೆ, ಮಹಿಳೆಯರಲ್ಲಿ ಹೊಟ್ಟೆಯುಬ್ಬರ ವಾರಗಟ್ಟಲೆ ಇಳಿಯದೆ ಉಳಿದರೆ, ತಡಮಾಡದೆ ತೋರಿಸಿ.

ಅಳತೆಗೆ ತೂಕದ ಯಂತ್ರಕ್ಕಿಂತ ಟೇಪು ಪ್ರಾಮಾಣಿಕ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯೆ ಟೇಪಿಟ್ಟು, ಸಹಜವಾಗಿ ಉಸಿರು ಬಿಟ್ಟಾಗ ಓದಬೇಕು. ಹೊಟ್ಟೆ ಒಳಗೆಳೆಯಬಾರದು. ವಾರಕ್ಕೊಮ್ಮೆ, ಬೆಳಿಗ್ಗೆ, ಏನೂ ತಿನ್ನುವ ಮೊದಲು. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎಂದು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2022ರಿಂದ ಸಲಹೆ ಕೊಡುತ್ತಿದೆ. 170 ಸೆಂ.ಮೀ. ಎತ್ತರದವರಿಗೆ 85ಕ್ಕಿಂತ ಕಡಿಮೆ. ನನ್ನ ಟೇಪು 95ರಿಂದ 84ಕ್ಕೆ ಬರಲು ಹನ್ನೊಂದು ತಿಂಗಳು ಹಿಡಿಯಿತು. ಬೆನ್ನುನೋವು ಮೂರನೆಯ ತಿಂಗಳಿಗೇ ಹೋಗಿತ್ತು. ಮೊದಲ ಐದು ವಾರ ಟೇಪು ಅಲುಗಲೇ ಇಲ್ಲ, ಆರನೆಯ ವಾರ ಒಂದು ಸೆಂಟಿಮೀಟರ್ ಇಳಿದದ್ದನ್ನು ಮೂರು ಸಲ ಅಳೆದು ಖಾತ್ರಿ ಮಾಡಿಕೊಂಡೆ.